ಪರದೆಯ ಈ ಕಡೆ

"ಪಿಚ್ಚರ್‌ನಾಗಿನ ರಾಣಿ ಎಡಚಿ ಅದಾಳ! ಎಡಗೈಯಾಗ ಕತ್ತಿ ಹಿಡಿದಿದ್ಳು. ನಾ ಕಣ್ಣಾರೆ ನೋಡೀನಿ," ಎಂದಳು ಗದ್ದೆಮ್ಮ.

"ಸುಳ್ಳಿ! ಬಲಗೈಯಾಗ ಹಿಡಿದಿದ್ಳು. ನಿನಗ ಕಣ್ಣು ಎಲ್ಲಿ ಅದಾವಬೇ?" ಅಣ್ಣ ಹುಸೇನಪ್ಪ ನಕ್ಕ. ಶಾಲೆಯ ಹುಡುಗರೆಲ್ಲ ನಕ್ಕರು.

ಗದ್ದೆಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಸೀದಾ ಮನೆಗೆ ಬಂದು ಅಜ್ಜಿ ಪಕೀರಮ್ಮನನ್ನು ಕೇಳಿದಳು.

ಪಕೀರಮ್ಮ ಗಿಣಿಯ ಚಿತ್ರವಿದ್ದ ತನ್ನ ತೆಳು ಸೆರಗನ್ನು ಬಿಸಿಲಿಗೆ ಹಿಡಿದಳು. "ಈ ಗಿಣಿ ನಿನ್ನ ಯಾವ ಕೈ ಕಡಿ ನೋಡಾಕತ್ತೈತಿ?"

"ಎಡಗೈ ಕಡಿ."

"ಈಗ ಹಿಂದ ಬಂದು ನೋಡು."

"ಬಲಗೈ ಕಡಿ!"

ನಿಜಾಮರ ಕಾಲದ ಮಸ್ಕಿ ಅದು. ಟೆಂಟಿನ ಪಿಚ್ಚರ್‌ಗೆ ಇನ್ನೂ ಮಾತು ಬಂದಿರಲಿಲ್ಲ. ನಡುವೆ ಬಿಳಿ ಪರದೆ. ಚಿತ್ರ ಬಿಡುವ ಮಿಶನ್ ಇರುವ ಕಡೆ ಗಂಡಸರು, ಪರದೆಯ ಹಿಂದೆ ಹೆಣ್ಣುಮಕ್ಕಳು. ಪರದೆಗೆ ನೀರು ಹೊಡೆದರೆ ಚಿತ್ರ ಹಿಂದಕ್ಕೂ ಮೂಡುತ್ತಿತ್ತು.

"ಹಂಗಂದ್ರ ನಾವು ಬೆನ್ನ ಕಡಿಂದ ನೋಡೀವಿ! ಆಯಿ, ಈ ಪಿಚ್ಚರ್ ತೆಗೆದಾಕಿ ಹೆಣ್ಣುಮಗಳಲ್ಲೇನು?"

ಹೌದು. ಟೆಂಟಿನ ಇಸ್ಮಾಯಿಲ್‌ಸಾಬ್ ಬಂಡಿಯ ಮೇಲೆ ನಿಂತು ಅದನ್ನೇ ಸಾರಿದ್ದ. "ಬೊಂಬಾಯಿ ಅಖ್ತರಬೇಗಂ! ಮೊದಲು ಪಾರ್ಟು ಮಾಡತಿದ್ಳು, ಈಗ ತಾನೇ ಪಿಚ್ಚರ್ ತೆಗಿತಾಳ!" ಹೋದ ವರ್ಷ ಆಕೆಯ ಒಂದು ಪಿಚ್ಚರ್ ಬಂದು ಹೋದ ಮೇಲೆ, ಬಾವಿಕಟ್ಟೆಯಲ್ಲೂ ಬೀಸುವ ಕಲ್ಲಿನ ಮುಂದೆಯೂ ಆಕೆಯದೇ ಮಾತು.

ಅಂದು ಸಂಜೆ ಕೊನೆಯ ಆಟ. ಮರುದಿನ ಟೆಂಟು ಲಿಂಗಸುಗೂರಿಗೆ ಹೋಗುವುದಿತ್ತು. ಸಂತೆಕಲ್ಲೂರು, ಬಳಗಾನೂರಿನಿಂದ ಬಂಡಿ ತುಂಬ ಹೆಂಗಸರು ಬಂದಿಳಿದರು. ಗಂಡಸರ ಕಡೆ ಅರ್ಧ ಖಾಲಿ. ಹಿಂದೆ ಕಾಲಿಡಲು ಜಾಗವಿಲ್ಲ.

"ಜಗಾ ಇಲ್ರೀ ಯವ್ವಾ, ಉಳದೋರು ವಾಪಸ್ ಹೋಗ್ರಿ," ಎಂದ ಇಸ್ಮಾಯಿಲ್‌ಸಾಬ್.

ಗದ್ದೆಮ್ಮ ಜನರ ನಡುವೆ ನುಸುಳಿ ಅವನ ಮುಂದೆ ನಿಂತಳು. "ಸಾಬ್ರ, ಗಂಡಸರನ್ನ ಹಿಂದ ಕುಂದರಸ್ರಿ. ನಾವು ಮುಂದ ಕುಂದರತೀವಿ."

ಗಂಡಸರು ಗೊಳ್ಳೆಂದರು. "ಇಕಿ ಯಾ ಊರ ತಹಶೀಲ್ದಾರಳು?"

"ಅದು ರಿವಾಜಲ್ಲ ಮಗಾ," ಎಂದು ಇಸ್ಮಾಯಿಲ್‌ಸಾಬ್ ತಲೆ ಕೆರೆದುಕೊಂಡ.

ಪಕೀರಮ್ಮ ಮುಂದೆ ಬಂದಳು. "ಅಖ್ತರಬೇಗಂ ಹೆಸರು ಹೇಳಿ ನಮ್ಮನ್ನ ಕರದಿ. ಆಕಿ ಪಿಚ್ಚರ್ ಬೆನ್ನ ಕಡಿಂದ ತೋರಸ್ತೀ ಏನು? ನಡೀರೇ, ಬಂಡಿ ಹೂಡ್ರಿ!"

ಹೆಂಗಸರೆಲ್ಲ ಬಂಡಿಗಳ ಕಡೆ ಹೊರಳಿದರು.

"ಅರೆ ಅರೆ, ನಿಲ್ರೀ ಯವ್ವಾ!" ಇಸ್ಮಾಯಿಲ್‌ಸಾಬ್ ಓಡಿ ಅಡ್ಡ ನಿಂತ. "ಏ ಗಂಡಸರು, ಏಳ್ರಪ್ಪಾ. ಇವತ್ತೊಂದಿನ ಹಿಂದ ಹೋಗ್ರಿ!"

ಗೊಣಗುತ್ತಲೇ ಎದ್ದು ಹೋದರು. ಗದ್ದೆಮ್ಮ ಎಲ್ಲರಿಗಿಂತ ಮುಂದೆ ಕುಳಿತಳು. ಮಿಶನ್ ಕಟಕಟ ಎಂದಿತು. ರಾಣಿ ಬಲಗೈಯಲ್ಲಿ ಕತ್ತಿ ಹಿಡಿದು ಕುದುರೆ ಏರಿದಳು.

"ಅಯ್ಯೋ, ರಾಣಿ ಎಡಚಿ ಆಗ್ಯಾಳಲೇ!" ಪರದೆಯಾಚೆಯಿಂದ ಹುಸೇನಪ್ಪ ಕೂಗಿದ. ಹೆಂಗಸರು ಬಿದ್ದು ಬಿದ್ದು ನಕ್ಕರು. ಗದ್ದೆಮ್ಮನೂ ನಕ್ಕಳು.

ರಾಣಿ ಗೆದ್ದಳು. ಕತ್ತಿ ಕೆಳಗಿಟ್ಟು, ಹಣೆಯ ಬೆವರು ಒರೆಸಿ, ಒಂದು ಗಳಿಗೆ ನೇರ ಈ ಕಡೆ ನೋಡಿದಳು. ರಾಜನನ್ನಲ್ಲ, ಸೈನಿಕರನ್ನೂ ಅಲ್ಲ. "ಸರಿ ಆತೇನು?" ಎಂದು ಯಾರನ್ನೋ ಕೇಳಿದ ಹಾಗಿತ್ತು.

ಯಾರನ್ನು? ಅವಳು ನೋಡಿದ ಕಡೆ ಚಿತ್ರದಲ್ಲಿ ಯಾರೂ ಇರಲಿಲ್ಲ.

ಗದ್ದೆಮ್ಮನ ನಗು ನಿಂತಿತು. ಪಿಚ್ಚರ್ ತೆಗೆಯುವಾಗ ಅಖ್ತರಬೇಗಂ ಇಲ್ಲೇ ನಿಂತಿದ್ದಿರಬೇಕು. ಪರದೆಯ ಈ ಕಡೆ, ಈಗ ತಾನು ಕುಳಿತ ಜಾಗದಲ್ಲೇ.

ಅವಳು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿ, ರಾಣಿಗೆ ಹೌದೆಂದು ತಲೆಯಾಡಿಸಿದಳು.