ನೀಲಿ ಗಾಜಿನಾಚೆಯ ಜ್ವಾಲೆ

ಬಂಡೆಯ ಮೇಲೆ ಕುರಿಗಳಿಗೆ ಉಪ್ಪು ಹರಡಿ, ಬುತ್ತಿ ತರಲು ಊರಿಗೆ ಹೋಗಿದ್ದ ದುರುಗಣ್ಣ. ತಿರುಗಿ ಬಂದಾಗ ಅರ್ಧ ಮಂದೆ ಸತ್ತು ಬಿದ್ದಿತ್ತು. ಉಳಿದವು ಏದುಸಿರು ಬಿಡುತ್ತಿದ್ದವು. ಬಂಡೆಯ ಮೇಲೆ ಬಿಳಿ ಹರಳುಗಳು ಇನ್ನೂ ಅಂಟಿದ್ದವು.

ಜಗಳೂರಿನಿಂದ ಪಿಎಸ್‌ಐ ಅರುಣಾ ಬರುವಷ್ಟರಲ್ಲಿ ಊರು ತೀರ್ಪು ಕೊಟ್ಟಾಗಿತ್ತು. ಉಪ್ಪು ಮಾರಿದ್ದು ಇಮಾಮ್‌ಸಾಬ್. ಅವನ ಅಂಗಡಿ ಮುಂದೆ ಜನ ಸೇರಿದ್ದರು.

"ಉಪ್ಪಿನಾಗೆ ಯೂರಿಯಾ ಬೆರೆಸ್ಯಾನೆ ಮೇಡಂ, ಅಂಗಡಿಗೆ ಬೀಗ ಹಾಕಿಸ್ರಿ," ಎಂದ ಓಂಕಾರ್. ಮಂದೆ ನಿಲ್ಲಿಸಿದ್ದ ಹೊಲದ ಪಕ್ಕದಲ್ಲೇ ಅವನ ಕಲ್ಲಂಗಡಿ ತೋಟ.

"ಅದೇ ಚೀಲದ ಉಪ್ಪು ನಮ್ಮನೆ ಸಾರಿಗೂ ಹಾಕ್ತೀವ್ರಿ," ಎಂದ ಇಮಾಮ್‌ಸಾಬ್. ದುರುಗಣ್ಣ ಮಾತಾಡಲಿಲ್ಲ.

ಅರುಣಾ ಬಂಡೆಯ ಉಪ್ಪನ್ನು ಒಂದು ಪೊಟ್ಟಣಕ್ಕೆ, ಅಂಗಡಿ ಚೀಲದ ಉಪ್ಪನ್ನು ಇನ್ನೊಂದಕ್ಕೆ ತುಂಬಿದಳು. ಅಷ್ಟರಲ್ಲಿ ಪಶುವೈದ್ಯರ ಫೋನು ಬಂತು. ಸತ್ತ ಕುರಿಗಳ ರಕ್ತ ಕಾಫಿ ಬಣ್ಣಕ್ಕೆ ತಿರುಗಿದೆಯಂತೆ.

* * *

ಕಾಲೇಜಿನ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ ಸುಚಿತ್ರಾ ಬಂಡೆಯ ಉಪ್ಪಿಗೆ ಕಾಸ್ಟಿಕ್ ಸೋಡಾ ಹಾಕಿ ಕಾಯಿಸಿದಳು. ಪ್ರನಾಳದ ಬಾಯಿಗೆ ಒದ್ದೆ ಕೆಂಪು ಲಿಟ್ಮಸ್ ಹಿಡಿದಳು. ಕಾಗದ ಕೆಂಪಾಗಿಯೇ ಉಳಿಯಿತು.

"ಅಮೋನಿಯಾ ಬರಲಿಲ್ಲ. ಯೂರಿಯಾ ಅಲ್ಲ."

ತಂತಿಯಲ್ಲಿ ಹರಳು ತೆಗೆದು ಬೆಂಕಿಗೆ ಹಿಡಿದಳು. ಜ್ವಾಲೆ ಹಳದಿಯಾಯಿತು.

"ಸೋಡಿಯಂ. ಅಡುಗೆ ಉಪ್ಪು."

"ಹಾಗಾದ್ರೆ ವಿಷ ಎಲ್ಲಿ?" ಅರುಣಾ ಮುಂದಕ್ಕೆ ಬಾಗಿದಳು.

"ಹಳದಿ ಬೇರೆ ಬಣ್ಣಗಳನ್ನ ಮುಚ್ಚಿಬಿಡುತ್ತೆ. ಇದರಲ್ಲಿ ನೋಡ್ರಿ."

ಸುಚಿತ್ರಾ ಕೊಟ್ಟ ನೀಲಿ ಗಾಜಿನಾಚೆ ಹಳದಿ ಮಾಯವಾಗಿತ್ತು. ತೆಳು ನೇರಳೆ ನಾಲಗೆಯೊಂದು ಆಡುತ್ತಿತ್ತು.

"ಪೊಟ್ಯಾಷಿಯಂ!"

ಸುಚಿತ್ರಾ ಇನ್ನೊಂದು ಪ್ರನಾಳದಲ್ಲಿ ಉಪ್ಪಿನ ದ್ರಾವಣಕ್ಕೆ ಫೆರಸ್ ಸಲ್ಫೇಟ್ ಬೆರೆಸಿ, ಗಂಧಕಾಮ್ಲವನ್ನು ಗೋಡೆಗುಂಟ ಮೆಲ್ಲಗೆ ಇಳಿಬಿಟ್ಟಳು. ಎರಡು ದ್ರವಗಳ ನಡುವೆ ಕಂದು ಉಂಗುರ ಮೂಡಿತು.

"ನೈಟ್ರೇಟ್. ರಕ್ತ ಕಂದಾಗಿದ್ದು ಇದರಿಂದಲೇ."

ಅಂಗಡಿಯ ಉಪ್ಪಿನಲ್ಲಿ ನೇರಳೆಯೂ ಇರಲಿಲ್ಲ, ಉಂಗುರವೂ ಇರಲಿಲ್ಲ.

"ಪೊಟ್ಯಾಷಿಯಂ ನೈಟ್ರೇಟ್ ಯಾರ ಹತ್ರ ಇರುತ್ತೆ?"

"ಡ್ರಿಪ್ ಹಾಕಿದವರ ಹತ್ರ. ನೀರಿನ ಜೊತೆ ಬಿಡೋ ಗೊಬ್ಬರ ಅದು."

ಆ ಊರಿನ ಸುತ್ತ ಮಳೆಯಾಶ್ರಿತ ಮೆಕ್ಕೆಜೋಳ. ಡ್ರಿಪ್ ಪೈಪು ಇದ್ದದ್ದು ಒಂದೇ ತೋಟದಲ್ಲಿ.

* * *

ಓಂಕಾರ್ ಗೊಬ್ಬರದ ಚೀಲವನ್ನು ತಾನೇ ತೋರಿಸಿದ. "ಗೊಬ್ಬರ ಇಟ್ಕಂಡ್ರೆ ತಪ್ಪಾ ಮೇಡಂ?"

"ತಪ್ಪಿಲ್ಲ." ಅರುಣಾ ಚೀಲದಿಂದ ಒಂದು ಹಿಡಿ ತೆಗೆದುಕೊಂಡಳು. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಮಗ್ಗನ್ನೂ ಎತ್ತಿಕೊಂಡಳು. ಅದರ ತಳದಲ್ಲಿ ಬಿಳಿ ಪುಡಿ ಗಟ್ಟಿಯಾಗಿತ್ತು.

* * *

ಮರುದಿನ ಇಮಾಮ್‌ಸಾಬನ ಅಂಗಡಿ ಮುಂದೆ ಎಲ್ಲರೂ ಸೇರಿದ್ದರು. ಅರುಣಾ ಪರೀಕ್ಷೆಗಳನ್ನು ಒಂದೊಂದಾಗಿ ವಿವರಿಸಿ ಓಂಕಾರನ ಕಡೆ ತಿರುಗಿದಳು.

"ಅಡುಗೆ ಉಪ್ಪಿದ್ರೆ ಬೆಳ್ಳಗೆ ಒಡೆಯೋ ಸಿಲ್ವರ್ ನೈಟ್ರೇಟನ್ನ ನಿನ್ನ ಗೊಬ್ಬರದ ನೀರಿಗೆ ಹಾಕಿದ್ವಿ, ನೀರು ತಿಳಿಯಾಗಿಯೇ ಇತ್ತು. ಮಗ್ಗಿನ ಪುಡಿಗೆ ಹಾಕಿದ ಕೂಡಲೇ ಮೊಸರಿನಂಗೆ ಒಡೀತು. ಅಂದ್ರೆ ಮಗ್ಗಿನಲ್ಲಿ ಗೊಬ್ಬರದ ಜೊತೆ ಅಡುಗೆ ಉಪ್ಪೂ ಇತ್ತು. ಕಲ್ಲಂಗಡಿಗೆ ಯಾರಪ್ಪ ಉಪ್ಪು ಹಾಕ್ತಾರೆ?"

ಓಂಕಾರ್ ದುರುಗಣ್ಣನ ಕಡೆ ಕೈ ತೋರಿಸಿದ.

"ಇವನ ಕುರಿ ಎರಡು ಸಲ ನನ್ನ ಬಳ್ಳಿ ಮೇಯ್ದಿದ್ವು. ಭೇದಿ ಹತ್ತಿದ್ರೆ ಇಲ್ಲಿಂದ ಮಂದೆ ಎಬ್ಬಿಸ್ತಾನೆ ಅಂದ್ಕಂಡೆ. ಬರೀ ಗೊಬ್ಬರ ಮೂಸಲ್ಲ ಅಂತ ಉಪ್ಪು ಬೆರೆಸಿ, ಇವನು ಬುತ್ತಿಗೆ ಹೋದಾಗ ಬಂಡೆ ಮೇಲೆ ಚೆಲ್ಲಿದೆ. ಸಾಯ್ತಾವೆ ಅಂತ ಗೊತ್ತಿರ್ಲಿಲ್ಲ."

"ಸತ್ತ ಮೇಲೆ ಗೊತ್ತಾಯ್ತಲ್ಲ. ಆಮೇಲೂ ಈ ಅಂಗಡಿಗೆ ಬೀಗ ಹಾಕಿಸಿ ಅಂದೆಯಲ್ಲ?"



"ಒಂದ್ ಮಾತು ಹೇಳಿದ್ರೆ ಅವತ್ತೇ ಮಂದೆ ಹೊಡ್ಕಂಡು ಹೋಗ್ತಿದ್ನಲ್ಲೋ," ಎಂದ ದುರುಗಣ್ಣ.

ಪೇದೆಗಳು ಓಂಕಾರನನ್ನು ಜೀಪು ಹತ್ತಿಸಿದರು. ಜನ ಚದುರಿದರು. ದುರುಗಣ್ಣ ಮಾತ್ರ ಅಂಗಡಿಯ ಮೆಟ್ಟಿಲ ಬಳಿ ನಿಂತೇ ಇದ್ದ.

"ಅವರು ನಿಮ್ಮನ್ನ ಬೈಯುವಾಗ ನಾನೂ ಸುಮ್ನಿದ್ದೆ, ಸಾಬ್ರೇ."

ಇಮಾಮ್‌ಸಾಬ್ ಮೆಟ್ಟಿಲಿಳಿದು ಬಂದ. "ಉಳಿದವು ಹೆಂಗವೆ?" ಎಂದು ಕೇಳಿದ.

"ಡಾಕ್ಟ್ರು ಸೂಜಿ ಹಾಕ್ಯಾರೆ. ಎದ್ದು ನಿಂತಾವೆ."

ಇಮಾಮ್‌ಸಾಬ್ ಅಂಗಡಿಯ ಶಟರ್ ಎಳೆದ. "ನಡೀರಿ, ನೋಡಿ ಬರಾಣ."