ಮೂರನೆಯ ಕರೆ

ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಶಹಾಪುರದ ನಮ್ಮ ಮನೆಯಲ್ಲಿ ಕೂತು ನಾನು ಕುರಿಗಾರರಿಗಾಗಿ ಒಂದು ವೆಬ್ ಪುಟ ಮಾಡುತ್ತಿದ್ದೆ. ಅದರ ಬಟನ್ ಒತ್ತಿದರೆ ಯಾದಗಿರಿಯಲ್ಲಿಟ್ಟ ಸರ್ವರ್ ಕಂಪ್ಯೂಟರಿಗೆ ಕರೆ ಹೋಗಿ, ಅಲ್ಲಿಯ ಕೋಡ್ ಓಡಿ, ಕುರಿಗೆ ಲಸಿಕೆ ಹಾಕಿಸುವ ತಾರೀಖು ಬರಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಒತ್ತಿದೆ. ತಾರೀಖಿನ ಜಾಗದಲ್ಲಿ ‘ಸುಮಲತಾ’ ಎಂದು ಬಂತು. ನನ್ನ ಹೆಸರನ್ನು ನಾನು ಕೋಡಿನಲ್ಲಿ ಎಲ್ಲೂ ಬರೆದಿರಲಿಲ್ಲ.

ಸರ್ವರ್ ನೋಡಿಕೊಳ್ಳುವ ಅಂಬರೀಶನಿಗೆ ಫೋನ್ ಮಾಡಿದೆ.

“ಅಕ್ಕಾ, ಅದು ಕೆಟ್ಟದ. ಬಿಚ್ಚಿ ಚೀಲದಾಗ ಹಾಕ್ಕೊಂಡು ನಿಮ್ಮ ಮನಿಗೇ ಬರಾಕತ್ತೀನಿ. ಬಸ್ಸಿನ್ಯಾಗ ಅದೀನಿ.”

ಮತ್ತೆ ಒತ್ತಿದೆ. ಮತ್ತೆ ನನ್ನ ಹೆಸರು. ಏಪ್ರಿಲ್ ಬಿಸಿಲಿಗೆ ಕಾದಿದ್ದ ಕೋಣೆಯಲ್ಲಿ ಕೀಬೋರ್ಡು ಮಾತ್ರ ತಣ್ಣಗೆ ಕೊರೆಯತೊಡಗಿತು. ತೊಯ್ದ ಕಂಬಳಿಯ ವಾಸನೆ ಬಂತು. ಮನೆಯ ಕಂಬಳಿಗಳೆಲ್ಲ ಪೆಟ್ಟಿಗೆಯಲ್ಲಿದ್ದವು.

ಅಜ್ಜಿ ಅಂಬವ್ವನಿಗೆ ಹೇಳಿದೆ.

“ಓ ಅನಬ್ಯಾಡ. ದೆವ್ವ ಎರಡು ಸಲ ಅಷ್ಟೇ ಕರೀತದ. ಮೂರನೇ ಸಲ ಕರದ್ರ ಅದು ಮನಷ್ಯಾರು.”

ನಾನು ಬಟನ್ ಮುಟ್ಟಲಿಲ್ಲ. ಅಂಬರೀಶ ಬಂದು ಚೀಲವನ್ನು ಮೇಜಿನ ಮೇಲಿಟ್ಟ. ಒಳಗೆ ಸರ್ವರ್, ಅದರ ಮೇಲೆ ಸುತ್ತಿಟ್ಟ ವೈರು. ನಾವಿಬ್ಬರೂ ನೋಡುತ್ತಿದ್ದಂತೆಯೇ, ಯಾರೂ ಒತ್ತದೆ, ಪುಟದಲ್ಲಿ ಮೂರನೆಯ ಸಲ ‘ಸುಮಲತಾ’ ಎಂದು ಮೂಡಿತು.

ಅದನ್ನು ಹೇಳಿದಾಗ ಅಜ್ಜಿಯ ಮುಖ ಸಡಿಲವಾಯಿತು.

“ಮೂರಾತು. ಮನಷ್ಯಾರೇ ಅದಾರ. ಪಾಪ, ಎಷ್ಟೊತ್ತಿನಿಂದ ಕರಿಯಾಕತ್ತಾರ. ಓ ಅನ್ನವಾ.”

ಆ ಪುಟ ಇನ್ನೂ ತೆರೆದೇ ಇದೆ. ನಾನು ಈವರೆಗೆ ಓ ಎಂದಿಲ್ಲ.