ಸದ್ದಿಲ್ಲದೆ ಸತ್ತ ಬಾಗಿಲು

ಡಾ. ಕುಮುದಾ ಎಲ್ಲರೆದುರೇ ಸರ್ವರಿನ ಹಿಂಬದಿಯ ಕೇಬಲ್ಲೊಂದನ್ನು ಕಿತ್ತಳು. ಪರದೆಯ ಮೇಲೆ, ಗಂಗಾವಳಿ ನದಿ ಕಡಲು ಸೇರುವ ಅಳಿವೆಯನ್ನು ದಾಟುತ್ತಿದ್ದ ನಲವತ್ತು ದೋಣಿಗಳಲ್ಲಿ ಒಂದೂ ತಡವರಿಸಲಿಲ್ಲ. ಅಧಿಕಾರಿಗಳು ಚಪ್ಪಾಳೆ ತಟ್ಟಿದರು.

೨೦೫೮ರ ಮಾತು. ಅಳಿವೆಯ ತಳದ ಮರಳುದಿಬ್ಬ ಗಂಟೆಗೊಮ್ಮೆ ಜಾಗ ಬದಲಿಸತೊಡಗಿದ ಮೇಲೆ, ದೋಣಿಗಳಿಗೆ ದಾರಿ ಹೇಳುವ ಕೆಲಸ ಆ ಸರ್ವರಿನದಾಗಿತ್ತು. ಅದು ಹೊರಗಿನವರೊಡನೆ ಮಾತಾಡುವ ಬಾಗಿಲೆಂದರೆ ನೆಟ್‌ವರ್ಕ್ ಕಾರ್ಡು. ಕುಮುದಾ ರೂಪಿಸಿದ ‘ಅವಳಿದ್ವಾರ’ದಲ್ಲಿ ಅಂಥ ಎರಡು ಬಾಗಿಲು, ಎರಡಕ್ಕೂ ಒಂದೇ ವಿಳಾಸ. ಒಂದು ಕೆಟ್ಟರೆ, ಅರ್ಧಕ್ಕೆ ನಿಂತ ಮಾತನ್ನು ಇನ್ನೊಂದು ಅಲ್ಲಿಂದಲೇ ಮುಂದುವರಿಸುತ್ತಿತ್ತು.

“ಬಾಗಿಲು ಬದಲಾದದ್ದು ಯಾರಿಗೂ ತಿಳಿಯುವುದಿಲ್ಲ,” ಎಂದು ಆಕೆ ಹೆಮ್ಮೆಯಿಂದ ಹೇಳಿದಳು.

ಎರಡು ವರ್ಷದ ನಂತರ, ಶ್ರಾವಣದ ಒಂದು ಮಧ್ಯಾಹ್ನ ಸರ್ವರ್ ಆರು ನಿಮಿಷ ಮೂಕವಾಯಿತು. ಅಷ್ಟರಲ್ಲಿ ಬೊಮ್ಮಯ್ಯ ಅಂಬಿಗನ ದೋಣಿ ದಿಬ್ಬಕ್ಕೆ ಬಡಿದು ಮಗುಚಿತು. ಬೊಮ್ಮಯ್ಯ ಬದುಕಲಿಲ್ಲ.

ಕುಮುದಾ ಸರ್ವರಿನ ದಾಖಲೆ ತೆಗೆದು ನೋಡಿದಳು. ಮೊದಲ ಬಾಗಿಲು ಸತ್ತು ಹನ್ನೊಂದು ತಿಂಗಳಾಗಿತ್ತು. ಅಷ್ಟು ಕಾಲ ಒಂಟಿಯಾಗಿ ದುಡಿದ ಎರಡನೆಯದು ಅಂದು ಉಪ್ಪುಗಾಳಿಗೆ ಕೆಟ್ಟಿತ್ತು. ದೋಣಿಯಲ್ಲಿ ಮಾತು ಮುದ್ರಿಸಿಕೊಳ್ಳುವ ಪೆಟ್ಟಿಗೆಯಲ್ಲಿ ಇನ್ನೊಂದು ದಾಖಲೆ ಸಿಕ್ಕಿತು: ಆ ಆರು ನಿಮಿಷಗಳಲ್ಲಿ ಬೊಮ್ಮಯ್ಯ ನಲವತ್ತೊಂದು ಸಲ ದಾರಿ ಕೇಳಿದ್ದ. ಕಡೆಕಡೆಗೆ ಅವನ ದನಿ ಮೆತ್ತಗಾಗಿತ್ತು, ಮಲಗಿದವರನ್ನು ಎಬ್ಬಿಸುವವನಂತೆ.

ಅವನ ಹೆಂಡತಿ ಮಾದೇವಿಗೆ ಕುಮುದಾ ತಾನೇ ಹೋಗಿ ಎಲ್ಲವನ್ನೂ ಹೇಳಿದಳು.

“ಒಂದು ಹೋಗಿದ್ದು ಹನ್ನೊಂದು ತಿಂಗಳು ಯಾರಿಗೂ ಗೊತ್ತಾಗ್ಲಿಲ್ವಾ, ಅಕ್ಕೋರೆ?”

“ಗೊತ್ತಾಗಬಾರದು ಅಂತಲೇ ನಾನು ಮಾಡಿದ್ದು.”

“ಅವ್ರು ದಿನಾ ಅದನ್ನ ನಂಬ್ಕಂಡೇ ಹೋದ್ರು,” ಎಂದಳು ಮಾದೇವಿ.

ಕುಮುದಾ ದೋಣಿ ಕಟ್ಟುವ ದಕ್ಕೆಯಲ್ಲಿ ಸೈರನ್ ಹಾಕಿಸಿದಳು. ಒಂದು ಬಾಗಿಲು ಕೆಟ್ಟರೂ ಸಾಕು, ಅದನ್ನು ಬದಲಿಸುವವರೆಗೂ ಕೂಗುತ್ತಿತ್ತು. “ಎಲ್ಲ ಸರಿಯಾಗಿ ನಡೀತಿರುವಾಗ ಊರನ್ನೆಲ್ಲ ಯಾಕೆ ಹೆದರಿಸ್ತೀರಿ?” ಎಂದು ಅಧಿಕಾರಿಗಳು ಆಕ್ಷೇಪಿಸಿದರು. ಸಭೆಯಲ್ಲಿ ಮಾದೇವಿ ಎದ್ದು ನಿಂತು, “ಕೂಗ್ಲಿ ಬಿಡಿ,” ಎಂದಳು. ಸೈರನ್ ಉಳಿಯಿತು. ಆಮೇಲೆ ಅಳಿವೆಯಲ್ಲಿ ಸರ್ವರ್ ಮೂಕವಾಗಲಿಲ್ಲ.

ಆದರೆ ಬೊಮ್ಮಯ್ಯನ ಆ ಮೆತ್ತಗಿನ ದನಿ ಕುಮುದಾಳನ್ನು ಬಿಡಲಿಲ್ಲ. ಸ್ವಿಚ್ ಒತ್ತಿದೊಡನೆ ದೀಪ ಹತ್ತಿದರೆ, ಕರೆ ಮಾಡಿದೊಡನೆ ಯಾರಾದರೂ ಓಗೊಟ್ಟರೆ, ಉಳಿದವರು ನೆಮ್ಮದಿಪಡುವ ಆ ಗಳಿಗೆಯಲ್ಲೇ ಆಕೆಗೆ ಭಯ. ಇದರ ಹಿಂದೆ ಎಷ್ಟು ಬಾಗಿಲುಗಳು ಆಗಲೇ ಸತ್ತಿವೆ? ಉಳಿದಿರುವುದು ಇದೊಂದೇ ಏನು?